ಬಿಚ್ಚುವುದಕ್ಕೆಂದೇ ಹೆಣೆದವರು

ಅವರ ಎರಡೂ ಅಂಗೈಗಳಲ್ಲಿ ಅಡ್ಡಡ್ಡ ಹೊಳೆಯುವ ಗೆರೆಗಳಿದ್ದವು. ಜ್ಯೋತಿಷ್ಯದವರು ನೋಡುವ ಗೆರೆಗಳಲ್ಲ. ಹೊಳೆಬಾಗಿಲಲ್ಲಿ ಶರಾವತಿ ಹಿನ್ನೀರು ದಾಟಿಸುವ ಲಾಂಚ್ ದಡಕ್ಕೆ ಬಂದಾಗೆಲ್ಲ ಹಗ್ಗ ಎಳೆದು ಕಟ್ಟಿ ಕಟ್ಟಿ ಚರ್ಮ ಉಜ್ಜಿ ಗಟ್ಟಿಯಾದ ಗುರುತು. ಬೆರಳುಗಳೋ, ಒಂದೊಂದೂ ಗೆಣಸಿನ ಹಾಗೆ. ಅಂಥ ಕೈಯಲ್ಲಿ ಎರಡು ಸಪೂರ ಕಡ್ಡಿ ಹಿಡಿದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಸಾಗರದ ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೂತು ಆ ಮನುಷ್ಯ ಉಲ್ಲನ್ ಹೆಣೆಯುತ್ತಿದ್ದರು. ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ.

"ನಗು, ನಗು," ಅಂದರು. "ಹಗ್ಗ ದಪ್ಪ ಇತ್ತು, ಇದು ಸಣ್ಣ. ಬೇರೆ ಎಂತ ವ್ಯತ್ಯಾಸನೂ ಇಲ್ಲ ಮಾರಾಯ್ತಿ."

ಕೆಳಗಿನ ಮನೆಯಲ್ಲಿ ಅವರೊಬ್ಬರೇ, ಮೇಲಿನ ಮನೆಯಲ್ಲಿ ನಾನು ಮತ್ತು ಅಮ್ಮ. ಅವರು ನನ್ನ ಅಮ್ಮನನ್ನು 'ಅಕ್ಕಾ' ಅನ್ನುತ್ತಿದ್ದರು, ಹಾಗಾಗಿ ನನಗೆ ಮಾವ ಆದರು. ಲಾಂಚಿನ ಕೆಲಸದಿಂದ ನಿವೃತ್ತಿಯಾಗಿ ಪೇಟೆಗೆ ಬಂದವರು. ಹೆಣಿಗೆ ಕಲಿಸಿದ್ದು ಅವರ ಹೆಂಡತಿ. ಆಕೆಗೆ ಲಕ್ವ ಹೊಡೆದು ಕೈ ಬಿದ್ದುಹೋದಾಗ ಒಂದು ಸ್ವೆಟರ್ ಅರ್ಧಕ್ಕೆ ನಿಂತಿತ್ತಂತೆ. ಮಲಗಿದಲ್ಲಿಂದಲೇ ಬಾಯಲ್ಲಿ ಹೇಳುತ್ತಾ ಹೋದರು, ಇವರು ತಪ್ಪು ಮಾಡುತ್ತಾ ಬೈಸಿಕೊಳ್ಳುತ್ತಾ ಹೆಣೆದರು. "ಅವಳು ಮದುವೆಯಾದಾಗಿಂದ ಬೈದಿದ್ದೆಲ್ಲ ಒಂದು ತೂಕ, ಆ ಸ್ವೆಟರಿಗೆ ಬೈದಿದ್ದು ಒಂದು ತೂಕ," ಅಂತ ನಗುತ್ತಿದ್ದರು. ಸ್ವೆಟರ್ ಮುಗಿಯಿತು, ಆಕೆ ಅದನ್ನು ಒಂದು ಚಳಿಗಾಲ ಹಾಕಿಕೊಂಡರು, ಆಮೇಲೆ ಹೋದರು. ಕಡ್ಡಿ ಮಾತ್ರ ಇವರ ಕೈ ಬಿಡಲಿಲ್ಲ.

ನನ್ನ ಅಮ್ಮನದು ಬೇರೆ ಕಥೆ. ಅಮ್ಮ ಹುಟ್ಟಿದ ಊರು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಅವಳು ಲಂಗ ದಾವಣಿ ಉಡುವ ವಯಸ್ಸಿನಲ್ಲಿ ಮನೆಮಂದಿಯೆಲ್ಲ ಪಾತ್ರೆ ಪಗಡ ಹೊತ್ತು, ದನ ಕರು ಹೊಡೆದುಕೊಂಡು ಗುಡ್ಡ ಹತ್ತಿ ಬಂದವರು. ಆ ಮಾತನ್ನು ಅವಳು ನಮ್ಮೆದುರು ಆಡಿದ್ದೇ ಅಪರೂಪ. ಅಂಥವಳಿಗೆ ಎಪ್ಪತ್ತು ದಾಟಿದ ಮೇಲೆ ಮರೆವಿನ ಕಾಯಿಲೆ ಬಂತು ನೋಡಿ, ಮೊದಲು ಮರೆತದ್ದೇ ಆ ಮುಳುಗಡೆಯನ್ನು. ಊರು ನೆನಪಿದೆ, ಕೊಟ್ಟಿಗೆ ನೆನಪಿದೆ, ಬಾವಿಕಟ್ಟೆ ನೆನಪಿದೆ. ನೀರು ಬಂದದ್ದು ನೆನಪಿಲ್ಲ. ಕರ್ಮ ಅಂದರೆ ಇದಪ್ಪಾ!

ನಾನು ಸೊಸೈಟಿಯ ಕೆಲಸ ಮುಗಿಸಿ ಬರುವುದಕ್ಕೂ ಹಗಲು ಅಮ್ಮನನ್ನು ನೋಡಿಕೊಳ್ಳುವ ಹೆಂಗಸು ಹೊರಡುವುದಕ್ಕೂ ಸರಿಹೋಗುತ್ತಿತ್ತು. ಆಮೇಲೆ ಹೊತ್ತು ಇಳಿಯುತ್ತಿದ್ದ ಹಾಗೆ ಅಮ್ಮನದು ಶುರು. ಸೀರೆ, ಚೊಂಬು, ನನ್ನ ಟವೆಲ್ಲು, ಕೈಗೆ ಸಿಕ್ಕಿದ್ದೆಲ್ಲ ಚೀಲಕ್ಕೆ ತುರುಕಿ, "ನಾ ಮನೆಗೆ ಹೋಗ್ತೀನಿ, ಅಪ್ಪಯ್ಯ ಕಾಯ್ತಿರ್ತಾರೆ, ಲಾಂಚ್ ತಪ್ಪತ್ತೆ" ಅಂತ ಬಾಗಿಲಿಗೆ ಬರುತ್ತಿದ್ದಳು. ಅಮ್ಮ ಹುಡುಗಿಯಾಗಿದ್ದಾಗ ಲಾಂಚೂ ಇರಲಿಲ್ಲ, ದಾಟುವ ನೀರೂ ಇರಲಿಲ್ಲ. ಆದರೆ ಕಾಯಿಲೆಗೆ ಕಾಲಮಾನದ ಹಂಗುಂಟೇ? ಬಾಗಿಲು ಹಾಕಿದರೆ ಬಡಿಯುತ್ತಿದ್ದಳು. ಹಿಡಿದರೆ ಪರಚುತ್ತಿದ್ದಳು. ನಾನು ಸ್ನಾನ ಮಾಡುವಾಗಲೂ ಬಾಗಿಲು ತೆರೆದಿಟ್ಟೇ ಮಾಡುವ ಹಾಗಾಗಿತ್ತು. ಕನ್ನಡಿ ನೋಡಿದರೆ ನನ್ನ ಮುಖ ನನಗೇ ಗುರುತು ಸಿಗದ ಸ್ಥಿತಿ.

ಒಂದು ಸಂಜೆ ಅಮ್ಮ ನನ್ನ ಕೈ ಕೊಸರಿಕೊಂಡು ಮೆಟ್ಟಿಲಿಳಿದೇ ಬಿಟ್ಟಳು. ಮಾವ ಎಂದಿನ ಹಾಗೆ ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದರು. ತಲೆಯೆತ್ತಿ, ಯಾವ ಗಾಬರಿಯೂ ಇಲ್ಲದೆ, "ಎಲ್ಲಿಗೆ ಅಕ್ಕಾ?" ಅಂದರು.

"ಊರಿಗೆ. ಲಾಂಚ್ ಬಂತಾ?"

"ಇಲ್ಲ, ಈಗಷ್ಟೇ ಆಚೆ ದಡಕ್ಕೆ ಹೋತು. ಬರ್ತದೆ, ಕೂತ್ಕೊಳ್ಳಿ."

ಅಮ್ಮ ಕೂತಳು! ನಾನು ತಲೆಕೆಳಗಾಗಿ ನಿಂತರೂ ಕೂರದವಳು, ಚೀಲ ತೊಡೆಯ ಮೇಲಿಟ್ಟುಕೊಂಡು, ಲಾಂಚ್ ಕಾಯುವ ಎಲ್ಲರ ಹಾಗೆ ಸುಮ್ಮನೆ ಕೂತಳು. ಮಾವ ನನ್ನ ಕಡೆ ತಿರುಗಿ, "ನೀನು ಎಂತ ಮರದ ಹಂಗೆ ನಿಂತಿದೀಯ? ಹೋಗು, ಒಂದು ಸುತ್ತು ತಿರುಗಿ ಬಾ. ಲಾಂಚ್ ಕಾಯೋ ಜನರನ್ನ ಸಂಭಾಳಿಸೋದು ನನಗೆ ಬಿಡು," ಅಂದರು. ನಾನು ಗಣಪತಿ ಕೆರೆಯ ತನಕ ನಡೆದು ಹೋದೆ. ಅಲ್ಲಿ ಕೂತು ಅತ್ತೆ. ಸುಖಕ್ಕೆ.

ಅದೇ ದಿನಚರಿಯಾಯಿತು. ಸಂಜೆ ಇಬ್ಬರೂ ಮೆಟ್ಟಿಲ ಮೇಲೆ ಲಾಂಚ್ ಕಾಯುವುದು, ಕತ್ತಲಾದ ಮೇಲೆ ಮಾವ "ಇವತ್ತು ಕೊನೇ ಟ್ರಿಪ್ಪೂ ಹೋತು ಅಕ್ಕಾ, ನಾಳೆ ನೋಡೋಣ" ಅನ್ನುವುದು, ಅಮ್ಮ "ಹಂಗಾರೆ ಇಲ್ಲೇ ಉಳಿಯೋದಾ? ಇವರ ಮನೇಲಿ ಜಾಗ ಇದ್ಯಾ ಕೇಳಿ" ಅಂತ ನನ್ನ ಮುಖ ನೋಡುವುದು. ಜಾಗ ಇದೆ ಅಂತ ನಾನು ದಿನಾ ಹೇಳುತ್ತಿದ್ದೆ.

ಹೆಣಿಗೆಯ ಸಂಗತಿ ನಡೆದದ್ದು ಆ ದಿನಗಳಲ್ಲೇ. ಮಾವನ ಮಗಳು ಹೊಸನಗರದಲ್ಲಿದ್ದಳು. ಅವಳಿಗೆಂದು ಹಸಿರು ಸ್ವೆಟರ್ ಹೆಣೆಯುತ್ತಿದ್ದರು. ಇನ್ನೇನು ತೋಳು ಸೇರಿಸಿದರೆ ಮುಗಿಯಿತು. ನಾನು ತಿರುಗಾಟ ಮುಗಿಸಿ ಬಂದು ನೋಡುತ್ತೇನೆ, ಅಮ್ಮ ಆ ಸ್ವೆಟರನ್ನು ಸರಸರ ಬಿಚ್ಚುತ್ತಿದ್ದಾಳೆ! ಬಿಚ್ಚಿದ ನೂಲು ಬೆರಳಿಗೆ ಸುತ್ತಿ ಸುತ್ತಿ ಉಂಡೆಯಾಗುತ್ತಿದೆ. "ಅಯ್ಯೋ ಅಮ್ಮಾ!" ಅಂತ ನಾನು ಕೈ ಹಾಕಲು ಹೋದರೆ ಮಾವ ಸುಮ್ಮನಿರು ಅಂತ ಸನ್ನೆ ಮಾಡಿದರು.

"ಸಣ್ಣ ಆಗಿದೆ ಇದು," ಅಂದಳು ಅಮ್ಮ, ಕೆಲಸದಿಂದ ಕಣ್ಣೆತ್ತದೆ. "ಬಿಚ್ಚಿ ಬೇರೆ ಹಾಕ್ಬೇಕು."

ಎಷ್ಟೋ ತಿಂಗಳ ಮೇಲೆ ಅಮ್ಮನ ಹಣೆಯ ಗಂಟು ಸಡಿಲವಾಗಿದ್ದನ್ನು ನಾನು ಕಂಡದ್ದು ಅವತ್ತು. ಅವಳು ಊರಿನ ಸುದ್ದಿ ಎತ್ತಲಿಲ್ಲ, ಲಾಂಚಿನ ಸುದ್ದಿ ಎತ್ತಲಿಲ್ಲ. ಉಂಡೆ ಪೂರ್ತಿ ಸುತ್ತಿ, ಮಾವನ ಕೈಗೆ ಕೊಟ್ಟು, ಗಂಗಾಳದ ತುಂಬ ಊಟ ಮಾಡಿ ಮಲಗಿದಳು. ನನಗೆ ನಾಚಿಕೆಯಿಂದ ಮಾವನ ಎದುರು ನಿಲ್ಲಲಾಗಲಿಲ್ಲ.

"ಅಷ್ಟು ದಿನದ ಕೆಲಸ ಮಾವ!"

"ಕೆಲಸ ಎಲ್ಲಿ ಹೋತು? ನೂಲು ಇಲ್ಲೇ ಉಂಟಲ್ಲ," ಅಂದರು. "ಅಕ್ಕನ ಕೈಗೆ ಕೆಲಸ ಬೇಕಿತ್ತು ಮಾರಾಯ್ತಿ. ಕೈ ಸುಮ್ನಿದ್ರೆ ತಲೆ ಊರು ಹುಡುಕ್ತದೆ."

ಮರುದಿನದಿಂದ ಅವರು ಬೆಳಿಗ್ಗೆ ಹೆಣೆಯುವುದು, ಸಂಜೆ ಅಮ್ಮ ಬಿಚ್ಚುವುದು. ಸುಲಭವಾಗಿ ಬಿಚ್ಚಿಕೊಳ್ಳುವ ಹಾಗೆ ಸಡಿಲ ಕುಣಿಕೆ ಹಾಕುತ್ತಿದ್ದರು. ಒಂದೊಂದು ದಿನ ಬೇಕೆಂದೇ ಬಿಗಿ ಹಾಕಿ, "ಇವತ್ತು ಅಕ್ಕನಿಗೆ ಸ್ವಲ್ಪ ಪರೀಕ್ಷೆ" ಅಂತ ಕಣ್ಣು ಮಿಟುಕಿಸುತ್ತಿದ್ದರು. ನನಗೂ ಕಡ್ಡಿ ಕೊಟ್ಟು ಕಲಿಸಿದರು. ಮಗಳು ಫೋನಿನಲ್ಲಿ "ಅಪ್ಪಾ, ನನ್ನ ಸ್ವೆಟರ್ ಎಲ್ಲಿಗೆ ಬಂತು?" ಅಂದರೆ, "ತಯಾರಾಗ್ತಾ ಉಂಟು ಮಗಾ, ಚಳಿ ಬರ್ಲಿ" ಅನ್ನುತ್ತಿದ್ದರು. ಎರಡು ಚಳಿಗಾಲ ಬಂದು ಹೋಯಿತು.

ಇಷ್ಟೆಲ್ಲ ಆದರೂ ತೀರ್ಥಹಳ್ಳಿಯಲ್ಲಿದ್ದ ನನ್ನ ಅಣ್ಣನಿಗೆ ಸಮಾಧಾನವಿರಲಿಲ್ಲ. ಅವನದು ಕೆಟ್ಟ ಬುದ್ಧಿಯಲ್ಲ. ನಾನು ಸೊರಗುವುದನ್ನು ನೋಡಲಾರದೆ ಶಿವಮೊಗ್ಗದಲ್ಲಿ ವಯಸ್ಸಾದವರನ್ನು ಇಟ್ಟುಕೊಳ್ಳುವ ಕಡೆ ಮಾತಾಡಿ ಬಂದಿದ್ದ. "ಅಲ್ಲಿ ನರ್ಸ್ ಇರ್ತಾರೆ. ಇಲ್ಲಿ ಮೆಟ್ಟಿಲ ಮೇಲೆ ಕೂರಿಸಿ ದಿನಾ ಸುಳ್ಳು ಹೇಳೋದು ಚಿಕಿತ್ಸೆಯಾ?" ಅಂತ ಅವನ ವಾದ. ಒಮ್ಮೆ ಅಮ್ಮನಿಗೆ ಸತ್ಯವನ್ನು ತೋರಿಸಿಬಿಟ್ಟರೆ ಈ ಊರಿನ ಹಟ ಬಿಡುತ್ತಾಳೆ, ಅದಕ್ಕೂ ಬಿಡದಿದ್ದರೆ ಮುಂದಿನ ವಾರವೇ ಶಿವಮೊಗ್ಗ ಅಂತ ತೀರ್ಮಾನ ಮಾಡಿದ. ಬೇಡ ಅನ್ನುವ ತ್ರಾಣವೂ ನನ್ನಲ್ಲಿರಲಿಲ್ಲ, ನಿಜ ಹೇಳುತ್ತೇನೆ. ಮೇ ತಿಂಗಳ ಒಂದು ಭಾನುವಾರ ಕಾರಿನಲ್ಲಿ ಎಲ್ಲರನ್ನೂ ಹತ್ತಿಸಿದ. ಮಾವ ತಮ್ಮ ಉಲ್ಲನ್ ಚೀಲದ ಸಮೇತ ತಾವಾಗಿಯೇ ಬಂದು ಕೂತರು.

ಲಾಂಚಿನ ಜಾಗಕ್ಕೆ ಬಂದ ಹೊಸ ಸೇತುವೆ ದಾಟಿ, ಬ್ಯಾಕೋಡಿನ ಕಡೆ ಹೋಗಿ, ಅಮ್ಮನ ಊರು ಇದ್ದ ಬದಿಗೆ ಅಣ್ಣ ಕಾರು ನಿಲ್ಲಿಸಿದ. "ನೋಡಮ್ಮಾ, ಊರು ಮುಳುಗಿದೆ, ಎಲ್ಲ ನೀರು" ಅಂತ ಕೈ ಚಾಚಿದವನು ಚಾಚಿದ ಹಾಗೇ ನಿಂತ. ನೀರೆಲ್ಲಿದೆ? ಬಿರುಬೇಸಿಗೆಯಲ್ಲಿ ಹಿನ್ನೀರು ದೂರ ಸರಿದು, ಕಣ್ಣು ಹಾಯುವಷ್ಟೂ ಒಡೆದ ಮಣ್ಣು, ಕರಿ ಮರದ ಬೊಡ್ಡೆಗಳು, ಅಲ್ಲಲ್ಲಿ ಯಾರದೋ ಮನೆಯ ತಳಪಾಯದ ಕಲ್ಲು. ಮಳೆಗಾಲದ ಭರ್ತಿ ನೀರನ್ನೇ ಕಂಡಿದ್ದ ನಮಗಿಬ್ಬರಿಗೂ ಅದು ಹೊಳೆದಿರಲೇ ಇಲ್ಲ.

"ಮುಳುಗಿದೆ ಅಂದ್ಯಲ್ಲ, ಇದೆಂತ ಹಂಗಾರೆ?" ಅಂದಳು ಅಮ್ಮ. "ಹೆತ್ತಮ್ಮನ ಹತ್ರ ಸುಳ್ಳು ಹೇಳ್ತೀಯನಾ?" ಅಣ್ಣನ ಮುಖ ನೋಡಬೇಕಿತ್ತು ನೀವು!

ಅಮ್ಮ ಸೆರಗು ಕಟ್ಟಿ ಇಳಿದೇ ಹೋದಳು. ಒಂದಿಷ್ಟು ಕಲ್ಲುಗಳ ಹತ್ತಿರ ಹೋಗಿ, ಇಲ್ಲಿ ಕೊಟ್ಟಿಗೆ, ಇಲ್ಲಿ ತುಳಸಿಕಟ್ಟೆ ಅಂತ ತೋರಿಸಿದಳು. ಅದು ಅವಳ ಮನೆಯದೇ ಕಲ್ಲೋ ಬೇರೆಯವರದೋ ಆ ದೇವರೇ ಬಲ್ಲ. ಆಮೇಲೆ ಕೂತಳು. ಇನ್ನು ಏಳುವುದಿಲ್ಲ ಅಂದಳು. ನಾವು ಬೇಡಿಕೊಂಡೆವು, ಅಣ್ಣ ಗದರಿದ, ಎತ್ತಲು ಹೋದ. ಅವಳು ಮಣ್ಣು ಹಿಡಿದುಕೊಂಡು ಕೂಗಿದಳು. ಬಿಸಿಲು ಸುಡುತ್ತಿತ್ತು. "ನೋಡಿದ್ಯಾ? ಇದಕ್ಕೇ ನಾ ಹೇಳಿದ್ದು ಶಿವಮೊಗ್ಗ ಅಂತ," ಅಂದ ಅಣ್ಣ. ಅವನ ಕಣ್ಣಲ್ಲೂ ನೀರಿತ್ತು. ಅಮ್ಮ ಕೈ ತಪ್ಪಿ ಹೋದಳು ಅಂತ ನನಗೆ ಖಾತ್ರಿಯಾಯಿತು.

ಮಾವ ಹೋಗಿ ಅಮ್ಮನ ಪಕ್ಕ ಆ ಮಣ್ಣಿನಲ್ಲೇ ಕಾಲು ಚಾಚಿ ಕೂತರು. ತಮ್ಮ ಕೊಡೆ ಬಿಚ್ಚಿ ಅವಳ ಹೆಗಲಿಗೆ ಒರಗಿಸಿದರು, ಉಂಡೆಯನ್ನು ಅವಳ ಕೈಗೆ ಕೊಟ್ಟು ತಾವು ಹೆಣೆಯತೊಡಗಿದರು. ಅಮ್ಮ ನೂಲು ಬಿಟ್ಟುಕೊಡುತ್ತಾ ಹೋದಳು. ಕೂಗು ನಿಂತಿತು. ಉಂಡೆ ಕರಗಿ ಕೊನೆಯ ಎಳೆಯೂ ಅವಳ ಬೆರಳು ದಾಟಿತು.

"ಛೆ, ನೂಲು ಮುಗೀತು ಅಕ್ಕಾ. ಅರ್ಧಕ್ಕೇ ನಿಂತು ಹೋತು," ಅಂದರು ಮಾವ. "ಇನ್ನೊಂದು ಉಂಡೆ ಪೇಟೆ ಮನೇಲಿದೆ."

ಅವರ ಚೀಲದಲ್ಲಿ ಇನ್ನೂ ಉಂಡೆಗಳಿದ್ದವು. ಚೀಲವನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದ್ದು ನನಗೆ ಕಂಡಿತು.

ಅಮ್ಮ ಅರ್ಧ ಹೆಣೆದದ್ದನ್ನು ನೋಡಿದಳು, ಮಾವನನ್ನು ನೋಡಿದಳು. "ಅರ್ಧ ಬಿಟ್ಟ ಕೆಲಸ ಮನೆಗೆ ಒಳ್ಳೇದಲ್ಲ. ಏಳಿ, ಏಳಿ," ಅಂತ ತಾನೇ ಮೊದಲು ಎದ್ದು ಸೀರೆಯ ಮಣ್ಣು ಕೊಡವಿದಳು.

ಅಣ್ಣ ಸಾಗರ ಮುಟ್ಟಿದ ಮೇಲೆ, "ಶಿವಮೊಗ್ಗದವರಿಗೆ ಫೋನ್ ಮಾಡಿ ಬೇಡ ಅಂತೀನಿ. ಭಾನುವಾರಗಳು ನಂದು, ನೀನು ಎಲ್ಲಾದ್ರೂ ಹೋಗು," ಅಂದ. ಆ ಮಾತು ಉಳಿಸಿಕೊಂಡಿದ್ದಾನೆ.

ನಾನು ಆಮೇಲೆ ಕೇಳಿದೆ: "ಮಾವ, ಮೇ ತಿಂಗಳಲ್ಲಿ ನೀರಿರಲ್ಲ ಅಂತ ನಿಮಗೆ ಗೊತ್ತಿತ್ತಲ್ವಾ?"

"ಗೊತ್ತಿಲ್ದೆ ಎಂತ? ಜೀವಮಾನ ಆ ನೀರಿನ ಮೇಲೇ ಕಳೆದವನು."

"ಮತ್ತೆ ಒಂದು ಮಾತು ಹೇಳೋದಲ್ವಾ?"

"ಹೇಳಿದ್ರೆ ನಿಮ್ಮಣ್ಣ ಮಳೆಗಾಲಕ್ಕೆ ಕರ್ಕೊಂಡು ಹೋಗ್ತಿದ್ದ. ಅಕ್ಕ ಊರಿಗೆ ಹೋಗ್ಬೇಕು ಅಂತ ದಿನಾ ಕೇಳ್ತಿದ್ರು. ಒಂದ್ಸಲ ಹೋಗಿ ಬರ್ಲಿ ಅಂತ." ಮತ್ತೆ ಕಡ್ಡಿ ಎತ್ತಿಕೊಂಡರು. ನನಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತ್ತು. ಬಿದ್ದಿದ್ದರೆ "ಎಂತ ನಾಟಕ ಇದು" ಅನ್ನುತ್ತಿದ್ದರು.

ಹೋದ ಚಳಿಗಾಲದ ಒಂದು ಮಧ್ಯಾಹ್ನ ಮಾವನಿಗೆ ಎದೆ ನೋವು ಬಂತು. ಸುದ್ದಿ ತಿಳಿದು ನಾನು ಸೊಸೈಟಿಯಿಂದ ಓಡಿ ಬರುವಷ್ಟರಲ್ಲಿ ಅಕ್ಕಪಕ್ಕದವರು ಅವರನ್ನು ಆಟೋದಲ್ಲಿ ಕೂರಿಸಿದ್ದರು. ಮಾವ ಬೆವತು ತೊಯ್ದಿದ್ದರು. ನನ್ನ ಕೈ ಹಿಡಿದು, "ಇವತ್ತಿಂದು ಕಿಟಕಿ ಹತ್ರ ಇಟ್ಟಿದೀನಿ. ಸಂಜೆ ಅಕ್ಕನಿಗೆ ಕೊಡು," ಅಂದರು. ನಾನು ಕೇಳಿದ ಅವರ ಕೊನೆಯ ಮಾತು ಅದು. ಆಸ್ಪತ್ರೆ ಮುಟ್ಟಿ ಹೆಚ್ಚು ಹೊತ್ತು ಉಳಿಯಲಿಲ್ಲ.

ಸಂಜೆ ಅಮ್ಮ ಮೆಟ್ಟಿಲ ಮೇಲೆ ಬಂದು ಕೂತಳು. "ಎಲ್ಲಿ, ಅವ್ರು ಬರ್ಲಿಲ್ವಾ?"

"ಪೇಟೆಗೆ ಹೋಗಿದಾರಮ್ಮ," ಅಂದೆ.

ನನ್ನ ಕೈಯಲ್ಲಿ ಅವರು ಬೆಳಿಗ್ಗೆ ಹೆಣೆದ ತುಂಡಿತ್ತು. ಹಸಿರು, ಅಂಗೈಯಗಲ. ಇದೊಂದನ್ನು ಬಚ್ಚಿಟ್ಟುಕೊಳ್ಳುತ್ತೇನೆ, ಇದೊಂದೇ, ಅಮ್ಮನಿಗೆ ಬೇರೆ ಏನಾದರೂ ಕೊಟ್ಟರಾಯಿತು ಅಂದುಕೊಂಡೆ. ಅಮ್ಮ ಕೈ ಚಾಚಿದಳು. ಕೊಟ್ಟೆ. "ಅವ್ರು ಬರೋದ್ರೊಳಗೆ ಮುಗಿಸ್ತೀನಿ," ಅಂತ ಅಮ್ಮ ತುದಿ ಹುಡುಕಿ ಎಳೆದಳು. ಒಂದೊಂದೇ ಸಾಲು ಅಳಿಸಿಹೋಗುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ, ಅಳದೆ. ಅತ್ತರೆ ಯಾಕೆ ಅಂತ ಕೇಳುತ್ತಾಳೆ, ಹೇಳಿದರೆ ತಡೆದುಕೊಳ್ಳಲಾರಳು.

ಈಗ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ನಾನೇ ಹೆಣೆಯುತ್ತೇನೆ, ಸೊಟ್ಟ ಸೊಟ್ಟ. ಅಮ್ಮ ಬಿಚ್ಚುವಾಗ ಒಮ್ಮೊಮ್ಮೆ "ಇದು ಯಾರು ಹಾಕಿದ್ದು? ಕೈ ಸರಿ ಇಲ್ಲ" ಅನ್ನುತ್ತಾಳೆ. ಹೌದಮ್ಮ, ಸರಿ ಇಲ್ಲ. ಮಾವ ಹೆಣೆದದ್ದು ಅಂತ ಎತ್ತಿ ತೋರಿಸುವುದಕ್ಕೆ ನಮ್ಮ ಮನೆಯಲ್ಲಿ ಒಂದೇ ಒಂದು ಚೂರೂ ಉಳಿದಿಲ್ಲ. ಅಮ್ಮ ಇದ್ದಾಳೆ, ನನ್ನ ಹತ್ತಿರವೇ ಇದ್ದಾಳೆ. ಅಷ್ಟನ್ನು ಅವರು ಉಳಿಸಿಕೊಟ್ಟು ಹೋದರು.