ಸೊಸೆಯ ಎರಡನೆಯ ಓಟು

ದಿಲ್ಲಿಗೆ ಓಟು ಹಾಕುವ ದಿನ ಬಂತೆಂದರೆ ಆಂಧ್ರದ ಗಡಿಯಲ್ಲಿರುವ ನಮ್ಮ ರಾಯದುರ್ಗದಲ್ಲಿ ದಿಲ್ಲಿಯ ಮಾತೊಂದನ್ನು ಬಿಟ್ಟು ಉಳಿದೆಲ್ಲ ಮಾತು ಆಡುತ್ತಾರೆ. ಈ ರಾಜ್ಯದ ಪಕ್ಷಗಳು, ಅವುಗಳ ನಾಯಕರು, ಯಾರು ಯಾರನ್ನು ಬೈದರು, ಇಷ್ಟೇ. ಪ್ರಧಾನಿ ಯಾರಾಗಬೇಕೆಂದು ಕೇಳಿದರೆ ಆಕಳಿಸುತ್ತಾರೆ. ಬಸ್ಸು ಹತ್ತಿ ಓಬಳಾಪುರ ದಾಟಿ ಬಳ್ಳಾರಿ ಕಡೆ ಇಳಿದರೆ ಎಲ್ಲ ಉಲ್ಟಾ. ಚರಂಡಿ ನೀರು ಮನೆಯೊಳಗೆ ಬಂದರೂ ಅಲ್ಲಿಯ ಗಂಡಸರಿಗೆ ದಿಲ್ಲಿಯದೇ ಚಿಂತೆ. ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತ ದೇಶ ಕಾಯುತ್ತಾರೆ. ಎರಡೂ ಕಡೆ ಅದೇ ಮಣ್ಣು, ಅದೇ ಜೋಳದ ರೊಟ್ಟಿ, ಅದೇ ಮಾತು. ನಡುವೆ ಒಂದು ಬೋರ್ಡು ನೆಟ್ಟಿದ್ದಾರೆ. ಬೋರ್ಡಿನ ಈಚೆಗೆ ಒಂದು ತರದ ಪೆದ್ದತನ, ಆಚೆಗೆ ಇನ್ನೊಂದು ತರದ್ದು.

ಮಡಕಶಿರದಲ್ಲಿರುವ ನನ್ನ ತಂಗಿಯ ಕಡೆಯವರು ಇನ್ನೂ ವಿಚಿತ್ರ. ವರ್ಷವಿಡೀ ಶಿರಾ, ತುಮಕೂರಿನ ಸುದ್ದಿ ನೋಡುತ್ತಾರೆ, ಓಟು ಮಾತ್ರ ಆಂಧ್ರದಲ್ಲಿ ಹಾಕುತ್ತಾರೆ. ಗೆದ್ದು ಹೋದವರು ಸಮುದ್ರದ ಕಡೆಯ ಜಿಲ್ಲೆಗಳಲ್ಲಿ ಕೂತು ನಮ್ಮ ತೆಲುಗು ಕೇಳಿ ನಗುತ್ತಾರೆ. ಬಳ್ಳಾರಿಗೆ ಹೋದರೆ "ಆಂಧ್ರದೋರು ಬಂದ್ರು" ಎನ್ನುತ್ತಾರೆ. ಯಾರಿಗೂ ಬೇಡದ ನಮ್ಮನ್ನು ಐದು ವರ್ಷಕ್ಕೊಮ್ಮೆ ಎಲ್ಲರೂ ಹುಡುಕಿಕೊಂಡು ಬರುತ್ತಾರೆ.

ನನಗೂ ಒಂದು ಪಕ್ಷವಿದೆ. ಅದರ ಹೆಸರು ಬರೆಯುವುದಿಲ್ಲ, ಆದರೆ ಇಲ್ಲವೆಂದು ಸುಳ್ಳನ್ನೂ ಬರೆಯುವುದಿಲ್ಲ. ಎದುರು ಪಕ್ಷದವರು ಕೈ ಮುಗಿಯುತ್ತ ಬಾಗಿಲಿಗೆ ಬಂದರೆ ನಾನು ಪೊರಕೆ ತೆಗೆದು ಅಂಗಳ ಗುಡಿಸಲು ಶುರು ಮಾಡುತ್ತೇನೆ. ಧೂಳು ಅವರ ಬಿಳಿ ಪಂಚೆಯ ಮೇಲೆ ಕೂರಲಿ ಎಂದೇ.

ನನ್ನ ಸೊಸೆಯ ತವರು ಗಡಿಯಾಚೆಯ ಹಳ್ಳಿ. ಮದುವೆಯಾಗಿ ಹನ್ನೆರಡು ವರ್ಷವಾದರೂ ಅವಳ ಹೆಸರು ಅಲ್ಲಿಯ ಓಟಿನ ಪಟ್ಟಿಯಲ್ಲಿ ಉಳಿದೇ ಇತ್ತು. ಇಲ್ಲಿಯ ಪಟ್ಟಿಗೂ ಸೇರಿತ್ತು. ಕಾನೂನಿಗೆ ತಪ್ಪು, ನಮ್ಮ ಗಡಿಗೆ ರೂಢಿ. ಓಟಿನ ದಿನ ಅವಳ ಅಣ್ಣ ಟೆಂಪೋ ಕಳಿಸುತ್ತಾನೆ. ಹೊರಗೆ ಕೊಟ್ಟ ಹೆಣ್ಣುಮಕ್ಕಳೆಲ್ಲ ಅದರಲ್ಲಿ ತುಂಬಿಕೊಂಡು ಹೋಗಿ, ಅಣ್ಣ ಹೇಳಿದ ಗುಂಡಿ ಒತ್ತಿ, ಹೋಳಿಗೆ ಉಂಡು, ಕುಪ್ಪಸದ ಬಟ್ಟೆ ಹಿಡಿದುಕೊಂಡು ಬರುತ್ತಾರೆ. ಹಬ್ಬಕ್ಕೆ ಕರೆಯದ ಅಣ್ಣಂದಿರೂ ಓಟಿಗೆ ಕರೆಯುತ್ತಾರೆ.

ಆ ಸಲ ಅಲ್ಲಿ ಮೊದಲು ಓಟು ನಡೆಯಿತು, ಇಲ್ಲಿ ಒಂದು ವಾರದ ಮೇಲೆ. ಸೊಸೆ ಎಡಗೈ ತೋರುಬೆರಳಿಗೆ ಕಪ್ಪು ಶಾಯಿ ಹಾಕಿಸಿಕೊಂಡು ಬಂದಳು. ಒಂದು ವಾರದಲ್ಲಿ ಪಾತ್ರೆ ತಿಕ್ಕಿ ಹೋದೀತು ಎಂದುಕೊಂಡಿದ್ದಳು. ಮೂರು ದಿನವಾದರೂ ಅದು ಹಾಗೇ ಕೂತಿತ್ತು.

ಮೂರನೆಯ ದಿನ ನನ್ನ ಮೈದುನನ ಮಗ ಬಂದ. ನಮ್ಮ ಪಕ್ಷಕ್ಕಾಗಿ ಓಣಿ ತಿರುಗುವವನು. ಕೊರಳಲ್ಲಿ ಪಕ್ಷದ ಶಾಲು, ಮಲಗುವಾಗಲೂ ತೆಗೆಯುತ್ತಿರಲಿಲ್ಲವೇನೋ.

"ಅತ್ತಿಗಿ, ಎಡಗೈ ತೋರ್ಸ್ರಿ ಒಂದೀಟು," ಎಂದ.

"ಯಾಕಪ್ಪ, ಉಂಗುರ ತಂದೀಯೇನು?" ಎಂದಳು ಸೊಸೆ.

ಬೆರಳು ನೋಡಿ ಅವನ ಮುಖ ಸಪ್ಪಗಾಯಿತು. "ದೊಡ್ಡವ್ವ, ನಿಮ್ಮ ಮನ್ಯಾಗ ಮೂರು ಓಟು ಅಂತ ಮ್ಯಾಲಿನೋರಿಗೆ ಬರದು ಕೊಟ್ಟೀನಿ. ಈಗ ಎರಡಾದ್ರ ನನ್ನ ಮಾರಿ ಎಲ್ಲಿಡ್ಲಿ?"

"ಎಲ್ಲಿಟ್ರೂ ಯಾರೂ ನೋಡಂಗಿಲ್ಲ ಬಿಡು," ಎಂದೆ.

ಅವನನ್ನು ಹಂಗಿಸಿದೆನೇ ಹೊರತು, ನನಗೂ ಹೊಟ್ಟೆ ಉರಿದಿತ್ತು. ಅವಳ ಅಣ್ಣನ ಪಕ್ಷವೆಂದರೆ ನನಗಾಗದು. ಅದಕ್ಕೆ ನಮ್ಮ ಮನೆಯಿಂದ ಒಂದು ಓಟು ಹೋಗಿ, ನಮ್ಮ ಪಕ್ಷಕ್ಕೆ ಒಂದು ಕಡಿಮೆಯಾಗುವುದೇ?

ಮರುದಿನ ಅವನು ಸಣ್ಣ ಸೀಸೆಯಲ್ಲಿ ಜೀನ್ಸಿನ ಬಣ್ಣ ತೆಗೆಯುವ ನೀರು ತಂದ. ರಾಯದುರ್ಗದ ಅರ್ಧ ಊರು ಜೀನ್ಸ್ ಪ್ಯಾಂಟು ಹೊಲಿದು ಬದುಕುತ್ತದೆ. ಹೊಲಿದ ಪ್ಯಾಂಟನ್ನು ಹಳೆಯದರಂತೆ ಕಾಣಿಸಲು ಈ ನೀರು ಹಾಕಿ ತಿಕ್ಕುತ್ತಾರೆ. ಅಲ್ಲಿಯ ಕೆಲಸದವರು ಮೊಣಕೈವರೆಗೆ ರಬ್ಬರ್ ಗವಸು ಹಾಕಿಕೊಂಡೇ ಅದನ್ನು ಮುಟ್ಟುವುದು. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸೊಸೆಯ ಕೆಲಸ ಪ್ಯಾಂಟಿಗೆ ಜಿಪ್ಪು ಕೂರಿಸುವುದು. ಬಲಗೈ ಬಟ್ಟೆ ಎಳೆಯುತ್ತದೆ. ಎಡಗೈಯ ತೋರುಬೆರಳು ಸೂಜಿಯ ಪಕ್ಕದಲ್ಲೇ ಇದ್ದು ಜಿಪ್ಪಿನ ಅಂಚನ್ನು ತಡವಿ ನೋಡುತ್ತದೆ. ಕಣ್ಣಿಗೆ ಕಾಣದ್ದು ಆ ಬೆರಳಿಗೆ ತಿಳಿಯಬೇಕು. ಅವಳ ಹೊಲಿಗೆ ಯೂನಿಟ್ಟಿನಲ್ಲಿ ಅಂಥ ಕೈ ಇನ್ನೊಂದಿರಲಿಲ್ಲ.

"ಬ್ಯಾಡ್ರಿ ಅತ್ತಿ. ಬೆರಳು ಸುಟ್ರ ಮಿಷನ್ ಮುಂದ ಕುಂದ್ರಾಕ ಬರಂಗಿಲ್ಲ," ಎಂದಳು.

"ನಿಮ್ಮಣ್ಣಗ ಒಂದು ಹಾಕಿ ಬಂದಿ. ಉಂಡ ಮನಿಗೆ ಒಂದು ಹಾಕಂದ್ರ ಬೆರಳು ನೆನಪಾತೇನು?"

ಈ ಮಾತು ಆಡಿದವಳು ನಾನೇ. ಹತ್ತಿ ತಂದುಕೊಟ್ಟವಳೂ ನಾನೇ. ಅವಳು ಹತ್ತಿಯನ್ನು ಸೀಸೆಯಲ್ಲಿ ಅದ್ದಿ ಬೆರಳಿಗೆ ಸುತ್ತಿದಳು.

ಶಾಯಿಗಿಂತ ಮೊದಲು ಚರ್ಮ ಹೋಯಿತು. ಸಂಜೆಗೆ ಬೆರಳು ಬದನೆಕಾಯಿಯ ಹಾಗೆ ಊದಿತು. ಉಗುರು ಹಳದಿಯಾಗಿ, ಅದರ ಬುಡದಲ್ಲಿ ಶಾಯಿಯ ಕರೆ ಮಾತ್ರ ಗಟ್ಟಿಯಾಗಿ ಉಳಿಯಿತು. ಮಗ ಕೆಲಸದಿಂದ ಬಂದು ನೋಡಿದ. "ಅವ್ವಾ, ನೀನು ಇದ್ದೂ ಇದು ನಡೀತೇನು?" ಎಂದ. ನಾನು ರೊಟ್ಟಿ ತಟ್ಟುತ್ತಿದ್ದೆ, ತಟ್ಟುತ್ತಲೇ ಇದ್ದೆ.

ಓಟಿನ ದಿನ ಬೆರಳಿಗೆ ಬಟ್ಟೆ ಕಟ್ಟಿಕೊಂಡು ಅವಳು ನನ್ನ ಜೊತೆ ಶಾಲೆಗೆ ಬಂದಳು. ಶಾಯಿ ಹಾಕುವ ಮೇಡಂ ಬೆರಳಿನ ಬಟ್ಟೆ ಬಿಚ್ಚಲು ತೆಲುಗಿನಲ್ಲಿ ಹೇಳಿದಳು. ನೋಡಿ ಏನಾಯಿತೆಂದು ಕೇಳಿದಳು. ಏಜೆಂಟರ ಬೆಂಚಿನಲ್ಲಿದ್ದ ಮೈದುನನ ಮಗ ಒಲೆ ಸುಟ್ಟಿತೆಂದು ಹೇಳು ಎಂಬಂತೆ ಸನ್ನೆ ಮಾಡುತ್ತಿದ್ದ. ಸೊಸೆ ಅವನನ್ನು ನೋಡಿದಳು, ನನ್ನನ್ನು ನೋಡಿದಳು.

"ನಮ್ಮಣ್ಣನ ಊರಾಗ ಹಾಕಿ ಬಂದೀನ್ರಿ ಮೇಡಂ. ಅದನ್ನ ಅಳಸಾಕ ಹೋಗಿ ಹಿಂಗಾತು," ಎಂದಳು.

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಕ್ಕವರಲ್ಲಿ ಎಷ್ಟು ಮಂದಿ ಹೀಗೇ ಅಳಿಸಿಕೊಂಡು ಬಂದಿದ್ದರೋ. ಮೇಡಂ ದನಿ ತಗ್ಗಿಸಿ, ಕೇಸಾಗುವ ಮೊದಲು ಮನೆಗೆ ಹೋಗು ಎಂದಳು. ಸೊಸೆ ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತಳು. ನಾನು ಒಳಗೆ ಹೋಗಿ ನನ್ನ ಪಕ್ಷದ ಗುಂಡಿಯನ್ನೇ ಒತ್ತಿದೆ. ಅಷ್ಟಾದ ಮೇಲೂ ಒತ್ತಿದೆ.

ಗೆದ್ದವನು ಗೆದ್ದ ಅಂತರದ ಮುಂದೆ ನಮ್ಮ ಇಡೀ ಓಣಿಯೇ ಯಾವ ಲೆಕ್ಕಕ್ಕೂ ಇರಲಿಲ್ಲ. ಮೈದುನನ ಮಗ ಆಮೇಲೆ ನಮ್ಮ ಓಣಿಯನ್ನು ಬಿಟ್ಟು ಹಿಂದಿನ ಸಂದಿಯಲ್ಲಿ ಓಡಾಡತೊಡಗಿದ.

ಗಾಯ ಮಾಯಿತು. ಉಗುರೂ ಬಂತು. ಆದರೆ ಬೆರಳ ತುದಿಗೆ ಸ್ಪರ್ಶ ಬರಲಿಲ್ಲ. ಯೂನಿಟ್ಟಿಗೆ ಹೋದ ಎರಡನೆಯ ದಿನವೇ ಸೂಜಿ ಅದರೊಳಗೆ ಇಳಿಯಿತು. ಬಟ್ಟೆಗೆ ರಕ್ತವಾದ ಮೇಲೆಯೇ ಅವಳಿಗೆ ಗೊತ್ತಾದದ್ದು. ಮಾಸ್ಟರು ಅವಳನ್ನು ಜಿಪ್ಪಿನ ಮಿಷನ್ನಿನಿಂದ ಎಬ್ಬಿಸಿ ದಾರ ಕತ್ತರಿಸುವವರ ಸಾಲಿಗೆ ಕಳಿಸಿದ. ಅಲ್ಲಿ ಕೂರುವವರು ಹೊಸದಾಗಿ ಬಂದ ಹುಡುಗಿಯರು ಮತ್ತು ಕಣ್ಣು ಮಂಜಾದ ನನ್ನಂಥವರು.

ಅವಳು ಅಳಲಿಲ್ಲ. ಒಂದು ಫಾರಂ ತರಿಸಿ ತುಂಬಿಸಿಕೊಂಡು, ತವರಿನ ಪಟ್ಟಿಯಿಂದ ಹೆಸರು ತೆಗೆಸಲು ಒಬ್ಬಳೇ ಬಸ್ಸಿನಲ್ಲಿ ಹೋದಳು. ಮಧ್ಯಾಹ್ನದ ಬಸ್ಸಿಗೇ ವಾಪಸ್ಸು ಬಂದಳು.

"ಊಟ ಆತೇನು?" ಎಂದೆ.

"ಅಣ್ಣ ನೀರು ಕೊಟ್ಟ," ಎಂದಳು.

ಆ ದಿನದಿಂದ ಮನೆಯ ಹಳೆಯ ಕಾಲುಮಿಷನ್ನಿನಲ್ಲಿ ಚಿಂದಿ ಬಟ್ಟೆಗೆ ಹಳೆಯ ಜಿಪ್ಪು ಇಟ್ಟು, ನಡುಬೆರಳಿನಿಂದ ಅಂಚು ಹಿಡಿಯಲು ಕಲಿಯುತ್ತಿದ್ದಾಳೆ. ನಡುಬೆರಳು ಉದ್ದ, ಸೂಜಿಗೆ ಅಡ್ಡ ಬರುತ್ತದೆ. ಹೊಲಿಗೆ ಓರೆಯಾಗುತ್ತದೆ. ಬಿಚ್ಚುವ ಕೆಲಸ ನನ್ನದು.

ನಿನ್ನೆ ಒಂದನ್ನು ನನ್ನ ಮಡಿಲಿಗೆ ಎಸೆದು ಕೇಳಿದಳು, "ಇದು ನೆಟ್ಟಗ ಬಂತೇನ್ರಿ ಅತ್ತಿ?"

ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. "ಇಲ್ಲ," ಎಂದೆ.

"ಹಂಗಾರ ಬಿಚ್ರಿ," ಎಂದಳು.

ನಾನು ಬ್ಲೇಡು ತೆಗೆದುಕೊಂಡೆ.