ಸರ್ಕಾರಿ ಗೇರು

ಹೋದ ವಾರ ಹಾಸನಕ್ಕೆ ಟಾರ್ಪಾಲು ತರಲು ಹೋಗಿದ್ದೆ. ನಮ್ಮ ಮೋಟಾರು ಅಂಗಡಿಯ ಮುಂದಿನ ಚಪ್ಪರ ಸೋರುತ್ತಿತ್ತು. ಈಗ ಎಲ್ಲಿ ಕೇಳಿದರೂ ಆ ನೀಲಿ ಪ್ಲಾಸ್ಟಿಕ್ಕಿನದೇ. ಅದು ಬೇಡ ಎಂದದ್ದಕ್ಕೆ ಅಂಗಡಿಯವರು ಗೊಣಗುತ್ತಾ ಒಳಗೆ ಹೋಗಿ, ಮೂಲೆಯಲ್ಲಿ ಬಿದ್ದಿದ್ದ ದಪ್ಪ ಕ್ಯಾನ್‌ವಾಸಿನ ಸುರುಳಿಯೊಂದನ್ನು ಎಳೆದು ತಂದು ನನ್ನ ಮುಂದೆ ಬಿಚ್ಚಿದರು. ಮೇಣ, ಧೂಳು, ಎಂದೋ ನೆಂದು ಒಣಗಿದ ಬಟ್ಟೆ, ಎಲ್ಲ ಸೇರಿದ ಒಂದು ವಾಸನೆ ಎದ್ದಿತು ನೋಡಿ, ನಾನು ಅಳತೆ ಹೇಳುವುದನ್ನೇ ಮರೆತೆ. ಅಂಗಡಿಯವರು ‘ಏನ್ ಸಾ, ಅಲರ್ಜಿನಾ?’ ಅಂದರು. ಅಲರ್ಜಿ ಅಲ್ಲ ಸ್ವಾಮಿ, ಅದು ನನ್ನ ಜೀಪಿನ ವಾಸನೆ.

ನಿಮಗೂ ಒಂದು ಮೊದಲ ಗಾಡಿ ಇದ್ದಿರುತ್ತದೆ. ಸೈಕಲ್ಲೋ, ಲೂನಾನೋ, ಅಣ್ಣ ಓಡಿಸಿಬಿಟ್ಟ ಬೈಕೋ. ನನ್ನ ಓರಗೆಯವರೆಲ್ಲ ತೊಂಬತ್ತರ ದಶಕದಲ್ಲಿ ಬೈಕಿಗೆ ಆಸೆಪಟ್ಟರು. ನಾನು ಜೀಪು ತಂದೆ. ಶೋಕಿಗೆ ಅಂದುಕೊಳ್ಳಬೇಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಹಾಸನದ ಒಂದು ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಾ ಮೋಟಾರು ಕಟ್ಟುವುದನ್ನು ಕಲಿತು, ಕಟ್ಟಾಯದಲ್ಲಿ ಸ್ವಂತ ಅಂಗಡಿ ಇಟ್ಟವನು ನಾನು. ಸುಟ್ಟುಹೋದ ಪಂಪ್‌ಸೆಟ್ ಮೋಟಾರನ್ನು ಬಾವಿಯಿಂದ ಎತ್ತಿ ಬೈಕಿನ ಹಿಂದೆ ಕೂರಿಸಿಕೊಂಡು ಬರಲಾಗುತ್ತದೆಯೆ? ರೈತರ ಹೊಲಕ್ಕೆ ದಾರಿಯೇ ಇರುವುದಿಲ್ಲ. ಬದು, ಹಳ್ಳ, ಉಳುಮೆ, ಇಷ್ಟೇ. ಅಲ್ಲಿಗೆ ಜೀಪೇ ಆಗಬೇಕು.

ಸಿಕ್ಕಿದ್ದು ಗೊರೂರಿನಲ್ಲಿ. ಅಣೆಕಟ್ಟೆಯ ಕೆಲಸಕ್ಕೆ ಓಡಾಡಿ ಮುದಿಯಾಗಿ ಹರಾಜಿಗೆ ಬಿದ್ದಿದ್ದ ಜೀಪು, ಒಂದೆರಡು ಕೈ ಬದಲಾಗಿ, ಅಂಥದೇ ಕ್ಯಾನ್‌ವಾಸಿನ ಹೊದಿಕೆ ಹೊತ್ತು ಅಲ್ಲಿಯೇ ಒಂದು ಹುಣಸೆಮರದ ಕೆಳಗೆ ನಿಂತಿತ್ತು. ಅದನ್ನು ನನಗೆ ಒಪ್ಪಿಸಿಕೊಟ್ಟವರು, ಇಲಾಖೆಯಲ್ಲಿ ಅದನ್ನೇ ಓಡಿಸಿ ನಿವೃತ್ತರಾಗಿದ್ದ ಡ್ರೈವರ್ ಕಾಳಪ್ಪ. ಗಾಡಿ ಅವರದಲ್ಲದಿದ್ದರೂ ಅವರು ಇಲ್ಲದೆ ವ್ಯಾಪಾರ ಆಗುವಂತಿರಲಿಲ್ಲ. ಹೆಣ್ಣು ಒಪ್ಪಿಸುವವರ ಹಾಗೆ ಒಂದೊಂದನ್ನೂ ಮುಟ್ಟಿ ಮುಟ್ಟಿ ತೋರಿಸಿದರು. ಕ್ಲಚ್ಚು ಹೀಗೆ, ಬ್ರೇಕು ಎರಡು ಸಲ ಒತ್ತಬೇಕು, ಎಡಗಡೆ ಬಾಗಿಲಿಗೆ ಹಗ್ಗ ಕಟ್ಟಬೇಕು. ದೊಡ್ಡ ಗೇರಿನ ಪಕ್ಕದಲ್ಲಿ ಎರಡು ಕುಳ್ಳ ಗೇರುಗಳು ನಿಂತಿದ್ದವು. ಅವುಗಳ ಮುಂದೆ ಇಂಗ್ಲಿಷಿನಲ್ಲಿ ಏನೋ ಕೊರೆದ ಒಂದು ತಗಡು. ಅದರ ಮೇಲೆ ಇಲಾಖೆಯವರು ಪದರ ಪದರವಾಗಿ ಹಸಿರು ಬಣ್ಣ ಬಳಿದು ಅಕ್ಷರಗಳನ್ನೆಲ್ಲ ಮುಚ್ಚಿದ್ದರು.

‘ಇವೇನು ಕಾಳಪ್ಪಣ್ಣ?’ ಅಂದೆ.

‘ಅದು ಸರ್ಕಾರಿ ಗೇರು ಕಣ್ಲಾ. ಮುಟ್ಬ್ಯಾಡ.’

‘ಯಾಕೆ?’

‘ಎಂಜಿನಿಯರ್ ಸಾಹೇಬ್ರು ಅಪ್ಪಣೆ ಕೊಡ್ದೆ ಅದನ್ನ ಹಾಕಂಗಿಲ್ಲ. ಡೀಸೆಲ್ ಕುಡಿದ್ಬುಡ್ತದೆ. ನಾನೇ ಕೇಳ್ದೆ ಹಾಕ್ದೋನಲ್ಲ, ನೀನ್ಯಾವೂರ ದಾಸಯ್ಯ?’

ನೋಡಿ, ಜೀಪು ಸರ್ಕಾರದಿಂದ ಹೊರಗೆ ಬಂದಿತ್ತು. ಅಪ್ಪಣೆ ಮಾತ್ರ ಜೀಪಿನೊಳಗೇ ಉಳಿದುಕೊಂಡಿತ್ತು. ಅದನ್ನು ನಾನೂ ಗಾಡಿಯ ಸಾಮಾನಿನ ಜೊತೆಗೇ ಮನೆಗೆ ತಂದೆ. ಆಯುಧಪೂಜೆಯ ದಿನ ಸ್ಟೀರಿಂಗಿಗೆ ಒಂದು ಬೊಟ್ಟು ಕುಂಕುಮವಾದರೆ ಸರ್ಕಾರಿ ಗೇರಿಗೆ ಎರಡು ಬೊಟ್ಟು. ಊರಿನವರು ತಮ್ಮ ತಮ್ಮ ತಿಳಿವಳಿಕೆ ಸೇರಿಸಿದರು. ಡ್ಯಾಮಿನ ಗೇಟು ಎತ್ತುವಾಗ ಆ ಗೇರು ಹಾಕುತ್ತಿದ್ದರಂತೆ ಎಂದರು ಒಬ್ಬರು. ಅದನ್ನು ಎಳೆದರೆ ಹೇಮಾವತಿಯಲ್ಲಿ ನೀರು ಬಂದುಬಿಡುತ್ತದೆ, ಹುಷಾರು ಎಂದರು ಇನ್ನೊಬ್ಬರು. ನಾನು ನಕ್ಕೆ, ಆದರೆ ಮುಟ್ಟಲಿಲ್ಲ. ಕರೆಂಟಿನ ಕೆಲಸದವನು ನಾನು. ಗೊತ್ತಿಲ್ಲದ್ದನ್ನು ಮುಟ್ಟಬಾರದು ಎಂಬುದನ್ನು ನನ್ನ ಬೆರಳುಗಳು ಚಿಕ್ಕಂದಿನಲ್ಲೇ ಕಲಿತಿದ್ದವು.

ಆ ಜೀಪು ನನ್ನ ದಿನದ ಗಾಡಿಯಾಯಿತು. ಬೆಳಿಗ್ಗೆ ಅಂಗಡಿಗೆ, ಮಧ್ಯಾಹ್ನ ಯಾರದೋ ಹೊಲಕ್ಕೆ, ಸಂಜೆ ತಂತಿ ತರಲು ಹಾಸನಕ್ಕೆ. ಮದುವೆಗೆ, ತಿಥಿಗೆ, ಅಮ್ಮನನ್ನು ಆಸ್ಪತ್ರೆಗೆ, ಎಲ್ಲದಕ್ಕೂ ಅದೇ. ಬ್ಯಾಟರಿ ಒಂದು ದಿನ ಇದ್ದರೆ ಇನ್ನೊಂದು ದಿನ ಇರುತ್ತಿರಲಿಲ್ಲ. ಹಾಗಾಗಿ ಇಳಿಜಾರು ಇಲ್ಲದ ಕಡೆ ನಿಲ್ಲಿಸುವಂತಿಲ್ಲ. ಉರುಳಿಸಿ, ಗೇರು ಹಾಕಿ, ಕ್ಲಚ್ಚು ಬಿಟ್ಟರೆ ಎದ್ದು ಗುಡುಗುತ್ತಿತ್ತು. ಜನ ಊರುಗಳನ್ನು ದೇವಸ್ಥಾನ, ಹೋಟೆಲು, ನೆಂಟರ ಮನೆ ಎಂದು ಗುರುತಿಡುತ್ತಾರೆ. ನಾನು ಗುರುತಿಟ್ಟಿದ್ದು ಇಳಿಜಾರುಗಳನ್ನು. ಅರಕಲಗೂಡಿನಲ್ಲಿ ಯಾವ ಬೀದಿ ಯಾವ ಕಡೆಗೆ ವಾಲಿದೆ, ಚನ್ನರಾಯಪಟ್ಟಣದ ಸಂತೆಗೆ ಹೋದರೆ ಎಲ್ಲಿ ನಿಲ್ಲಿಸಬೇಕು, ಇವತ್ತೂ ಕಣ್ಣುಮುಚ್ಚಿ ಹೇಳುತ್ತೇನೆ. ಹಿರೀಸಾವೆಯ ರಸ್ತೆ ಬದಿಯ ಒಬ್ಬ ಹೋಟೆಲಿನವರು ನನ್ನ ಸದ್ದು ಕೇಳಿದ ಕೂಡಲೇ ದಿಬ್ಬದ ಮೇಲಿನ ಜಾಗದಿಂದ ಸೈಕಲ್ಲುಗಳನ್ನು ಎತ್ತಿಸುತ್ತಿದ್ದರು. ಮಂತ್ರಿಗಳಿಗೂ ಅಂಥ ಮರ್ಯಾದೆ ಸಿಗುತ್ತಿತ್ತೋ ಇಲ್ಲವೋ.

ಹೊಳೆನರಸೀಪುರದಲ್ಲಿ ಮಾತ್ರ ನನಗೆ ಬೇಕಾದ ಇಳಿಜಾರು ಒಂದೇ ಬೀದಿಯಲ್ಲಿತ್ತು. ಅಲ್ಲಿ ಒಬ್ಬ ಪ್ರೈಮರಿ ಶಾಲೆಯ ಮೇಷ್ಟರ ಮನೆ. ಅವರ ಮಗಳು ಸಾವಿತ್ರಿಯನ್ನು ನೋಡಲು ಅಮ್ಮನನ್ನು ಕೂರಿಸಿಕೊಂಡು ಹೋಗಿದ್ದೆ. ಉಪ್ಪಿಟ್ಟು, ಕಾಫಿ ಆಯಿತು. ಮೇಷ್ಟರು ಕನ್ನಡಕದ ಮೇಲಿನಿಂದ ನೋಡುತ್ತಾ, ‘ಎಷ್ಟರವರೆಗೆ ಓದಿದ್ದೀಯಪ್ಪಾ?’ ಅಂದರು. ‘ಏಳು,’ ಅಂದೆ. ಅವರ ಮಗಳು ಪಿಯುಸಿ ಮುಗಿಸಿದ್ದಳು. ಮೇಷ್ಟರು ‘ಹೂಂ’ ಎಂದರು. ಆ ‘ಹೂಂ’ ನನಗೆ ಹೊಸದಲ್ಲ. ಅದಕ್ಕೆ ಮೊದಲು ನೋಡಿದ್ದ ಒಂದು ಸಂಬಂಧವೂ ಅಂಥದೇ ‘ಹೂಂ’ಗೆ ನಿಂತುಹೋಗಿತ್ತು. ಆಗ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ದುಡಿದು ತಿನ್ನುವ ಗಂಡಸು, ಯಾರ ಹಂಗೇನು ಅನ್ನುವ ಜಂಬ. ಆದರೆ ಈ ಸಲ ಹೊರಟು ನಿಂತು ಜೀಪನ್ನು ಉರುಳಿಸಿ ಸ್ಟಾರ್ಟ್ ಮಾಡಿದಾಗ, ಕಿಟಕಿಯಲ್ಲಿ ಸಾವಿತ್ರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಆ ನಗು ಊರು ಸೇರುವವರೆಗೂ ನನ್ನ ಪಕ್ಕದಲ್ಲೇ ಕೂತಿತ್ತು. ಈ ಹೆಣ್ಣು ನನಗೆ ಸಿಗದಿದ್ದರೆ ಎನ್ನುವ ಭಯ ಅವತ್ತು ಮೊದಲ ಸಲ ಹುಟ್ಟಿತು.

ನಮ್ಮ ಕಡೆ ಹುಡುಗ ಹೆಣ್ಣು ನೋಡಿದ ಮೇಲೆ, ಹೆಣ್ಣಿನ ಕಡೆಯವರು ‘ಮನೆ ನೋಡೋಕೆ’ ಬರುತ್ತಾರೆ. ಮನೆ ನೋಡುವುದು ಎಂದರೆ ಗೋಡೆ ನೋಡುವುದಲ್ಲ. ಕೊಟ್ಟಿಗೆ, ಬಾವಿ, ಅತ್ತೆಯ ಮುಖ, ಅಕ್ಕಪಕ್ಕದವರ ಬಾಯಿ, ಎಲ್ಲವನ್ನೂ ಅಳೆಯುವುದು. ಅಲ್ಲಿ ಒಪ್ಪಿಗೆಯಾದರೆ ಆಯಿತು, ಇಲ್ಲದಿದ್ದರೆ ಕಥೆ ಮುಗಿಯಿತು. ಮೇಷ್ಟರು ಬರುತ್ತೇವೆ ಎಂದು ಹೇಳಿ ಕಳಿಸಿದಾಗ, ಬಸ್ಸಿಗೆ ಬರಬೇಡಿ, ನಾನೇ ಬರುತ್ತೇನೆ ಎಂದೆ. ಬೆಳಿಗ್ಗೆ ಹೋಗಿ ಮೇಷ್ಟರನ್ನು ಮುಂದೆ, ಅವರ ಅಕ್ಕ ಕೆಂಪಮ್ಮನವರನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಕೆಂಪಮ್ಮನವರು ಆ ಮನೆಯ ಹಿರಿಯರು. ಅವರ ಮಾತು ಮೀರಿ ಮೇಷ್ಟರು ಒಂದು ಚಾಪೆಯನ್ನೂ ಕೊಳ್ಳುತ್ತಿರಲಿಲ್ಲವಂತೆ. ರೇಷ್ಮೆ ಸೀರೆ ಉಟ್ಟು, ತೊಡೆಯ ಮೇಲೆ ಬಾಳೆಹಣ್ಣಿನ ಚೀಲ ಇಟ್ಟುಕೊಂಡಿದ್ದರು.

ಕಟ್ಟಾಯ ದಾಟಿದ ಮೇಲೆ ನಮ್ಮೂರಿಗೆ ಎರಡು ದಾರಿ. ಒಂದು ಸುತ್ತಿನ ಜಲ್ಲಿ ರಸ್ತೆ, ಇನ್ನೊಂದು ಕೆರೆಯಂಗಳದ ಅಡ್ಡದಾರಿ. ಹಿಂದಿನ ದಿನ ಮಳೆಯಾಗಿತ್ತು. ಬುದ್ಧಿ ಇದ್ದವನು ಜಲ್ಲಿ ರಸ್ತೆಗೆ ಹೋಗುತ್ತಿದ್ದ. ನನಗೆ ನನ್ನ ಜೀಪಿನ ಗಂಡಸುತನ ತೋರಿಸಬೇಕಿತ್ತು. ಅಡ್ಡದಾರಿಗೆ ಇಳಿಸಿದೆ.

ಅರ್ಧ ದಾರಿಯಲ್ಲಿ ಹಿಂದಿನ ಚಕ್ರಗಳು ಜೇಡಿಯಲ್ಲಿ ಕೂತವು. ಆಕ್ಸಿಲರೇಟರು ಒತ್ತಿದಷ್ಟೂ ಗಿರ್ರನೆ ತಿರುಗಿ ಕೆಳಕ್ಕೆ ಇಳಿದವು. ಕೆಸರು ಹಾರಿ ಕೆಂಪಮ್ಮನವರ ರೇಷ್ಮೆ ಸೀರೆಯ ಮೇಲೆ ಬಿತ್ತು. ಹಿಂದಕ್ಕೆ ಪ್ರಯತ್ನಿಸಿದೆ, ಮುಂದಕ್ಕೆ ಪ್ರಯತ್ನಿಸಿದೆ. ಇಳಿದು ಹೋಗಿ ಚಕ್ರದ ಕೆಳಗೆ ಸೊಪ್ಪು, ಕಲ್ಲು ತುಂಬಿದೆ. ಮದುವೆ ಗಂಡಿನ ಬಿಳಿ ಅಂಗಿ ಮಣ್ಣಿನ ಬಣ್ಣಕ್ಕೆ ತಿರುಗಿತು. ಜೀಪು ಅಲುಗಲಿಲ್ಲ.

‘ಮನೆ ನೋಡಕ್ ಓಗೋವಾಗ ಗಾಡಿ ಹೂತ್ಕಂಡ್ರೆ ಏನ್ಲಾ ಅರ್ಥ, ಸಿದ್ದ?’ ಕೆಂಪಮ್ಮನವರು ತಮ್ಮನ ಬೆನ್ನಿಗೆ ತಿವಿದರು. ‘ಮುಂದಕ್ ಓಗ್ಬ್ಯಾಡ್ರಿ ಅಂತ್ಲೇ ಕಣ್ಲಾ. ತಿರುಗ್ಸು ಅನ್ನು ಊರ್ಗೆ.’

‘ತಿರುಗ್ಸೋಕೂ ಆಗ್ತಿಲ್ವಲ್ಲಕ್ಕಾ, ಅದೇ ತೊಂದ್ರೆ,’ ಅಂದರು ಮೇಷ್ಟರು.

‘ನೀವಿಬ್ರೂ ಒಸಿ ಇಳುದ್ರೆ ಅಗುರಾಗ್ತದೆ,’ ಎಂದೆ ನಾನು, ಹೆದರುತ್ತಾ.

‘ನಾನಂತೂ ಇಳಿಯಾಕಿಲ್ಲ ಕಣಪ್ಪ. ಬೇಕಾದ್ರೆ ನಿನ್ ಜೀಪೇ ನನ್ನ ಬುಟ್ಟು ಓಗ್ಲಿ.’

ನನಗೆ ಅಳು ಬರುವುದೊಂದೇ ಬಾಕಿ. ಮನೆಯಲ್ಲಿ ಅಮ್ಮ ಒಬ್ಬಟ್ಟು ಬೇಯಿಸುತ್ತಾ ಬಾಗಿಲ ಕಡೆ ನೋಡುತ್ತಿರುತ್ತಾಳೆ. ಇಲ್ಲಿ ಸಾವಿತ್ರಿಯ ಅಪ್ಪ ಕೆರೆಯಂಗಳದಲ್ಲಿ ಕೂತು ಗಡಿಯಾರ ನೋಡುತ್ತಿದ್ದಾರೆ. ಇನ್ನೇನು ಎದ್ದು ನಡೆದುಕೊಂಡೇ ವಾಪಸು ಹೋಗುತ್ತಾರೆ ಅಂದುಕೊಂಡೆ. ಮೇಷ್ಟರು ಗಡಿಯಾರದಿಂದ ಕಣ್ಣು ತೆಗೆದು ಕೆಳಗೆ ನೋಡಿದರು.

‘ಈ ಇನ್ನೆರಡು ಗೇರು ಯಾತಕ್ಕಪ್ಪಾ?’

‘ಅದು ಸರ್ಕಾರಿ ಗೇರು ಸಾ. ಮುಟ್ಟಂಗಿಲ್ಲ.’

‘ಯಾರು ಹೇಳಿದ್ದು?’

‘ಇದನ್ನ ಓಡಿಸ್ತಿದ್ದ ಕಾಳಪ್ಪಣ್ಣ. ಎಂಜಿನಿಯರ್ ಅಪ್ಪಣೆ ಬೇಕಂತೆ ಸಾ.’

‘ಹಾಕಿದ್ರೆ ಏನಾಗುತ್ತೆ?’

ಇಲ್ಲಿ ನಾನು ಏನಾದರೂ ಕಟ್ಟಿ ಹೇಳಬಹುದಿತ್ತು. ಊರಿನವರು ಹೇಳಿದ್ದ ಅಷ್ಟು ಕಥೆಗಳಿದ್ದವು. ಆದರೆ ಮೇಷ್ಟರ ಮುಖ ನೋಡಿದಾಗ ಬಾಯಿಗೆ ಬಂದದ್ದು ಒಂದೇ. ‘ಗೊತ್ತಿಲ್ಲ ಸಾ.’

ಅವರು ಕನ್ನಡಕ ಸರಿಮಾಡಿಕೊಂಡರು. ‘ನಾನು ಯಾರು?’

‘ಮೇಷ್ಟ್ರು ಸಾ.’

‘ನಂಗೆ ಸಂಬಳ ಯಾರು ಕೊಡ್ತಾರೆ?’

‘ಸರ್ಕಾರ ಸಾ.’

‘ಹಂಗಾದ್ರೆ ನಾನೇ ಅಪ್ಪಣೆ ಕೊಡ್ತಾ ಇದೀನಿ. ಎಳಿ.’

‘ಏ, ಮುರ್ದೋಗ್ಬುಟ್ರೆ?’ ಹಿಂದಿನಿಂದ ಕೆಂಪಮ್ಮನವರು.

‘ಮುರುದ್ರೆ ಸರ್ಕಾರದ್ದಕ್ಕಾ. ನಮ್ದೇನ್ ಹೋಯ್ತು?’

ಕ್ಲಚ್ಚು ಒತ್ತಿದೆ. ಮೊದಲ ಕುಳ್ಳ ಗೇರನ್ನು ಹಿಡಿದು ಎಳೆದೆ. ವರ್ಷಗಟ್ಟಲೆ ಜಡ್ಡುಗಟ್ಟಿದ್ದು ಮೊದಲು ಬರಲಿಲ್ಲ. ಎರಡೂ ಕೈಯಲ್ಲಿ ಎಳೆದಾಗ ಒಳಗೆಲ್ಲೋ ‘ಕಟ್’ ಎಂದಿತು, ಮುರಿಯಿತು ಎಂದೇ ಅಂದುಕೊಂಡೆ. ಕಣ್ಣುಮುಚ್ಚಿ ಕ್ಲಚ್ಚು ಬಿಟ್ಟೆ.

ಆಮೇಲಿನದನ್ನು ಹೇಗೆ ಹೇಳಲಿ? ದನ ಏಳುವಾಗ ಹಿಂಗಾಲು ಊರಿ ಏಳುತ್ತದೆ, ಕುದುರೆ ಮುಂಗಾಲು ಊರಿ. ಅಷ್ಟು ದಿನ ನಾನು ನನ್ನ ಜೀಪನ್ನು ದನ ಎಂದುಕೊಂಡಿದ್ದೆ. ಅವತ್ತು ಅದು ಕುದುರೆಯ ಹಾಗೆ ಎದ್ದಿತು. ಅಷ್ಟು ದಿನ ಸುಮ್ಮನೆ ಉರುಳುತ್ತಿದ್ದ ಮುಂದಿನ ಚಕ್ರಗಳೂ ನೆಲ ಕಚ್ಚಿ ಎಳೆದದ್ದು ನನ್ನ ಅಂಗೈಗೆ ಗೊತ್ತಾಯಿತು, ಸ್ಟೀರಿಂಗು ಜೀವ ಬಂದ ಹಾಗೆ ಅದುರಿತು. ಸದ್ದು ಹೆಚ್ಚಾಗಲಿಲ್ಲ, ಅವಸರವಿಲ್ಲ. ಯಾರೋ ದೊಡ್ಡವರು ಬಂದು ನಮ್ಮನ್ನು ಕಂಕುಳಿಗೆ ಕೈ ಕೊಟ್ಟು ಮೆಲ್ಲಗೆ ಎತ್ತಿ ನಿಲ್ಲಿಸಿದ ಹಾಗೆ ಗಾಡಿ ಕೆಸರಿನಿಂದ ಮೇಲೆ ಬಂತು. ಬಂದು ನಿಲ್ಲಲಿಲ್ಲ. ಕೆರೆಯಂಗಳ ದಾಟಿ, ನಾನು ಎಂದೂ ಹತ್ತಿಸುವ ಧೈರ್ಯ ಮಾಡದಿದ್ದ ಏರಿಯ ಓರೆಯನ್ನು ಹತ್ತಿ, ಮೇಲೆ ಹೋಗಿ ನಿಂತಿತು. ಒಂದು ಕಡೆ ಕೆರೆ, ಇನ್ನೊಂದು ಕಡೆ ಆಲೂಗಡ್ಡೆ ಹೊಲಗಳು, ನಡುವೆ ನಾವು. ಇಷ್ಟೆಲ್ಲ ಶಕ್ತಿ ನನ್ನ ಎಡಮೊಣಕಾಲಿನ ಪಕ್ಕದಲ್ಲೇ ಕೂತು ಕುಂಕುಮ ಹಚ್ಚಿಸಿಕೊಳ್ಳುತ್ತಿತ್ತಲ್ಲ!

‘ಅಯ್ ಶಿವನೇ,’ ಅಂದರು ಕೆಂಪಮ್ಮನವರು. ಎರಡೂ ಕೈ ಜೋಡಿಸಿದ್ದರು. ದೇವರಿಗೋ, ಜೀಪಿಗೋ, ನಾನು ಕೇಳಲಿಲ್ಲ.

ಮನೆಯಲ್ಲಿ ಅವರು ಬಾವಿ ನೋಡಲಿಲ್ಲ, ಕೊಟ್ಟಿಗೆ ನೋಡಲಿಲ್ಲ. ಅಮ್ಮನ ಹತ್ತಿರ, ‘ನಿಮ್ ಮಗ ನಮ್ಗೆ ಮನೆಗಿಂತ ಮುಂಚೆ ಕೆರೆ ತೋರುಸ್ದ ಕಣವ್ವಾ,’ ಎಂದು ಹೇಳಿ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡರು. ಮೇಷ್ಟರು ಓದಿನ ಮಾತೆತ್ತಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ನಾನು ಹಲವು ದಿನ ಅಂಗಡಿಯಲ್ಲಿ ತಪ್ಪು ತಪ್ಪು ಸುತ್ತು ಹಾಕಿದೆ. ಕೊನೆಗೆ ಕಟ್ಟಾಯಕ್ಕೆ ಬಂದ ಬಸ್ಸಿನ ಕಂಡಕ್ಟರ ಕೈಲಿ ಸುದ್ದಿ ಬಂತು, ಒಪ್ಪಿಗೆಯಂತೆ.

ಮೊದಲು ಓಡಿದ್ದು ಗೊರೂರಿಗೆ. ಅಣೆಕಟ್ಟೆ ತುಂಬಿ ಗೇಟು ತೆಗೆದಿದ್ದರು. ಬಿಳೀ ನೀರು ಗೋಡೆಯ ಹಾಗೆ ಬೀಳುತ್ತಿತ್ತು, ಹತ್ತಿರದವರ ಮಾತು ಕೇಳಬೇಕಾದರೆ ಕಿವಿಗೆ ಬಾಯಿ ಇಡಬೇಕು. ಅಲ್ಲಿ ನಿಂತು ಕಾಳಪ್ಪಣ್ಣನಿಗೆ ಕಿರುಚಿ ಕಿರುಚಿ ಎಲ್ಲ ಹೇಳಿದೆ. ಅವರು ಮದುವೆಯ ಸುದ್ದಿಯನ್ನು ಬಿಟ್ಟು, ‘ಅಪ್ಪಣೆ ಇಲ್ದೆ ಹಾಕ್ಬುಟ್ಟಾ?’ ಅಂದರು.

‘ಮೇಷ್ಟ್ರು ಕೊಟ್ರು.’

‘ಅಂಗಾದ್ರೆ ಸರಿ,’ ಅಂದರು.

ಮದುವೆಯಾದ ಮೇಲೆ ಸಾವಿತ್ರಿಯನ್ನು ಕೇಳಿದೆ, ನಿಮ್ಮಪ್ಪ ಅವತ್ತು ಮನೆಗೆ ಬಂದು ಏನೆಂದರು ಎಂದು. ಜೀಪಿನ ಪ್ರತಾಪ ಹೇಳಿರುತ್ತಾರೆ ಎಂಬ ಆಸೆ ನನಗೆ. ಅವಳು ಅಪ್ಪನ ದನಿಯಲ್ಲೇ ಹೇಳಿದಳು: ‘ಹುಡುಗ ಓದಿಲ್ಲ. ಆದ್ರೆ ಗೊತ್ತಿಲ್ದಿದ್ನ ಗೊತ್ತಿಲ್ಲ ಅಂತಾನೆ. ಹೇಳಿದ್ರೆ ಕೇಳ್ತಾನೆ. ಕಲಿಸ್ಬೋದು.’

ಕಲಿಸಬಹುದು! ಕೈಕೆಳಗೆ ನಾಲ್ಕು ಜನಕ್ಕೆ ಕೆಲಸ ಕಲಿಸುತ್ತಿದ್ದ ನನ್ನನ್ನು! ಅದು ಹೊಗಳಿಕೆಯೋ ತೆಗಳಿಕೆಯೋ ಎಂದು ವಾರಗಟ್ಟಲೆ ಒಳಗೊಳಗೇ ಕುದಿದೆ. ‘ನೀನೇನಂದೆ?’ ಎಂದು ಕೇಳಿದೆ. ‘ನಾನು ನೀವು ಜೀಪು ಉರುಳಿಸ್ಕಂಡ್ ಹೋದ ದಿನಾನೇ ಒಪ್ಪಿದ್ದೆ. ನನ್ನ ಯಾರು ಕೇಳಿದ್ರು?’ ಅಂದಳು.

ಜೀಪನ್ನು ಎರಡು ಸಾವಿರದ ನಂತರವೂ ಬಹಳ ವರ್ಷ ಓಡಿಸಿದೆ. ಕೊನೆಗೆ ಸಕಲೇಶಪುರದ ಕಡೆಯ ಒಂದು ತೋಟದವರು ಕೊಂಡುಹೋದರು. ಅವರಿಗೆ ಕುಳ್ಳ ಗೇರು ತೋರಿಸಿ, ಯಾರ ಅಪ್ಪಣೆಯೂ ಬೇಡ, ಬೇಕಾದಾಗ ಹಾಕಿ ಎಂದೆ. ಮೇಷ್ಟರು ಈಗಿಲ್ಲ. ಅವರು ಇರುವವರೆಗೂ ನನಗೆ ಏನೂ ಕಲಿಸಲು ಬರಲಿಲ್ಲ. ಬಂದಿದ್ದರೆ ನನ್ನ ಜಂಬ ಬಿಡುತ್ತಿತ್ತೋ ಇಲ್ಲವೋ.

ನಿನ್ನೆ ಸಂಜೆ ಅಂಗಡಿಯಲ್ಲಿ ಕೂತು ತಂತಿ ಸುತ್ತುತ್ತಿದ್ದೆ. ಹೈಸ್ಕೂಲಿನಲ್ಲಿ ಓದುವ ಕಿರಿಮಗಳು ಪಕ್ಕದಲ್ಲಿ ವಿಜ್ಞಾನದ ಪುಸ್ತಕ ಹಿಡಿದು ಕೂತಿದ್ದಳು. ‘ಅಪ್ಪಾ, ಕರೆಂಟು ಹರಿದ್ರೆ ಮೋಟಾರು ಯಾಕೆ ತಿರುಗುತ್ತೆ?’ ಅಂದಳು. ಯಾವ ಮೋಟಾರಿಗೆ ಯಾವ ದಪ್ಪದ ತಂತಿ, ಎಷ್ಟು ಸುತ್ತು, ಸುಟ್ಟ ವಾರ್ನಿಷಿನ ವಾಸನೆಯಲ್ಲೇ ಎಲ್ಲಿ ಕೆಟ್ಟಿದೆ, ಎಲ್ಲ ಹೇಳಬಲ್ಲೆ. ಯಾಕೆ ತಿರುಗುತ್ತದೆ? ಕೇಳಿದವರಿಗೆ ಇಷ್ಟು ವರ್ಷ ‘ತಿರುಗ್ಬೇಕು ತಿರುಗ್ತದೆ’ ಎಂದು ಗದರಿಸಿ ಕಳಿಸಿದ್ದೇನೆ.

‘ಗೊತ್ತಿಲ್ಲ ಕಣವ್ವಾ,’ ಅಂದೆ. ‘ನಿನ್ ಪುಸ್ತಕ ಏನಂತದೆ ಓದು, ಕೇಳ್ತೀನಿ.’

ಅವಳು ಓದತೊಡಗಿದಳು. ಕಣ್ಣಿಗೆ ಕಾಣದ ಎರಡು ಬಲಗಳು ಒಂದನ್ನೊಂದು ತಳ್ಳುತ್ತವೆಯಂತೆ, ಆ ತಳ್ಳಾಟಕ್ಕೆ ಕಬ್ಬಿಣ ಸುತ್ತುತ್ತದೆಯಂತೆ. ನನ್ನ ಕೈಯಲ್ಲಿದ್ದ ತಾಮ್ರದ ತಂತಿಯನ್ನು ಮೆಲ್ಲಗೆ ಕೆಳಗಿಟ್ಟೆ.

‘ನಿಧಾನ,’ ಅಂದೆ. ‘ಆ ಸಾಲು ಇನ್ನೊಂದ್ ಸಲ ಓದು.’