ಹಿತ್ತಲ ಒಲೆ

ಚಳಿಗಾಲದಲ್ಲಿ ವಿಜಯನಗರದ ಮಾರ್ಕೆಟ್ಟಿಗೆ ಕಾಲಿಟ್ಟರೆ ಸೊಗಡವರೆಯ ವಾಸನೆ ಮೂಗಿಗೆ ಅಡರುತ್ತದೆ, ನಾನು ಅಲ್ಲೇ ನಿಂತುಬಿಡುತ್ತೇನೆ. ಕಾಯಿ ಕಿತ್ತ ಬೆರಳಿಗೆ ಅಂಟುತ್ತಿದ್ದ ಆ ಜಿಡ್ಡು, ಇಬ್ಬನಿಗೆ ನೆಂದ ಲಂಗದ ಅಂಚು, ಸೆರಗು ಸಿಕ್ಕಿಸಿಕೊಂಡು ಸಾಲು ಹಿಡಿದು ಮುಂದೆ ನಡೆಯುತ್ತಿದ್ದ ನಮ್ಮಜ್ಜಿ. ಎಪ್ಪತ್ತರ ದಶಕದಲ್ಲಿ ನಮ್ಮದಿನ್ನೂ ಹಳ್ಳಿ. ಲೇಔಟು ನಮ್ಮ ಕಡೆಗೆ ಬರುತ್ತಲೇ ಇತ್ತು. ಮೊದಲು ರಾಗಿ ಹೊಲ ಹೋಯಿತು, ಆಮೇಲೆ ಹುಣಸೆ ತೋಪು. ಅಲ್ಲೆಲ್ಲ ತಾರಸಿ ಮನೆಗಳು ಎದ್ದವು, ಎಲ್ಲೆಲ್ಲಿಂದಲೋ ಜನ ಬಂದರು, ಅವರ ಬೆನ್ನಿಗೇ ಅವರ ನೆಂಟರೂ ಬಂದರು. ನಿಮ್ಮ ಊರೂ ಹೀಗೆಯೇ ಕರಗಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಅಪ್ಪ ನೇಗಿಲನ್ನು ಅಟ್ಟಕ್ಕೆ ಹಾಕಿ ಬಿನ್ನಿಪೇಟೆಯ ಮಿಲ್ಲಿಗೆ ಸೇರಿದ. ಊರ ಹಿಂದಿನ ಅವರೆ ಹೊಲವೊಂದು ಮಾತ್ರ ಉಳಿದಿತ್ತು. ಮೊಮ್ಮಗ ಹುಟ್ಟುತ್ತಾನೆ, ಅದನ್ನು ಉಳುತ್ತಾನೆ ಎಂದು ಅಜ್ಜಿ ನಂಬಿಕೊಂಡಿದ್ದಳು.

ಹುಟ್ಟಿದ್ದು ನಾವು ಮೂವರು ಹೆಣ್ಣುಮಕ್ಕಳು. ಕೊನೆಯ ತಂಗಿಯನ್ನು ಹೆರುವಾಗ ಅಮ್ಮ ಸತ್ತು ಬದುಕಿದಳು. ಗೋಡೆಗೋಡೆಗಳ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದಿದ್ದ ಕಾಲ ಅದು. ಅಮ್ಮ ಎಮ್ಮೆಯ ಹಾಲು ಕೊಡುತ್ತಿದ್ದ ಲೇಔಟಿನ ಮನೆಯೊಂದರಲ್ಲಿ ಟೀಚರಮ್ಮ ಒಬ್ಬರಿದ್ದರು. ಅವರೇ ಜೊತೆಗೆ ಹೋಗಿ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದರು. ಅಪ್ಪನಿಗೆ ಎಲ್ಲ ಗೊತ್ತಿತ್ತು. ಅಜ್ಜಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಮನೆಗೆ ಬಂದ ಅಮ್ಮ ಹೊಟ್ಟೆ ಹಿಡಿದುಕೊಂಡು ನಡುಮನೆಯ ಕಂಬಕ್ಕೆ ಒರಗಿ ಕೂತು ತಾನೇ ಹೇಳಿದಳು:

"ಆಪರೇಷನ್ ಮಾಡಿಸ್ಕೊಂಡೆ ಅತ್ತೆ. ಇನ್ನೊಂದು ಬಸುರು ನನ್ ಜೀವ ತಡೆಯಲ್ಲ. ಈ ಮೂರಕ್ಕೆ ತಾಯಿ ಬೇಕಲ್ಲ."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹಿತ್ತಲಿಗೆ ಹೋಗಿ, ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು. ಅಂದಿನಿಂದ ಅಮ್ಮನ ಕೈಯ ಊಟ ಮುಟ್ಟಲಿಲ್ಲ. ಅಮ್ಮ ಮಾತ್ರ ದಿನವೂ ಅಜ್ಜಿಯ ಪಾಲಿನ ಮುದ್ದೆ ಕಟ್ಟಿ ಮುಚ್ಚಿಡುತ್ತಿದ್ದಳು. ಸಂಜೆಗೆ ಅದು ಎಮ್ಮೆಯ ಕಲಗಚ್ಚು ಸೇರುತ್ತಿತ್ತು. ಮಕ್ಕಳು ನಾವು ಎರಡೂ ಒಲೆಯ ಮುಂದೆ ಉಣ್ಣುತ್ತಿದ್ದೆವು. ಅಜ್ಜಿ ನಮ್ಮನ್ನು ದೂರ ಮಾಡಲಿಲ್ಲ. ತಂಗಿಗೆ ಎಣ್ಣೆ ಹಚ್ಚಿ ಬಿಸಿನೀರು ಹುಯ್ಯುವುದೂ ಅವಳೇ. ಆದರೆ ಎಳೆಗೂಸನ್ನು ಅಮ್ಮನ ಕೈಗೆ ಕೊಡುವಾಗ ಮುಖ ಆಚೆ ತಿರುಗಿಸುತ್ತಿದ್ದಳು. ಮಳೆಗಾಲ ಪೂರ್ತಿ ಹೀಗೇ ಕಳೆಯಿತು. ಹಸಿ ಸೌದೆ ಊದಿ ಊದಿ ಅಜ್ಜಿಯ ಕಣ್ಣು ಕೆಂಪಾಗುತ್ತಿತ್ತು, ಅಡುಗೆಮನೆಯ ಕಿಟಕಿಯಿಂದ ಅಮ್ಮ ಅದನ್ನು ನೋಡುತ್ತ ನಿಲ್ಲುತ್ತಿದ್ದಳು.

ಅವರೆ ಹೂ ಬಿಟ್ಟ ಹೊತ್ತಿಗೆ ಆ ಹೊಲಕ್ಕೂ ಲೇಔಟಿನ ಅಳೆಯುವವರು ಬಂದರು. ಗಿಡಗಳ ನಡುವೆಯೇ ಸರಪಳಿ ಎಳೆದು ಸೈಟಿನ ಮೂಲೆಮೂಲೆಗೆ ಕಲ್ಲು ನೆಟ್ಟರು. ಅಜ್ಜಿ ನನ್ನ ಕೈ ಹಿಡಿದುಕೊಂಡು ಬದುವಿನ ಮೇಲೆ ನಿಂತಳು.

"ಬಿಸಿಲಲ್ಲಿ ಯಾಕ್ ನಿಂತಿದೀರಾ ಅಜ್ಜಿ? ಮನೆಗೆ ಹೋಗಿ" ಎಂದ ಸರಪಳಿ ಹಿಡಿದವನು.

"ಹೋಗ್ತೀನಿ ಕಣಪ್ಪ. ನಿಂದು ಮುಗೀಲಿ."

ಮುಗಿದ ಮೇಲೆ ಮನೆಗೆ ಬಂದು ಕಾಲು ತೊಳೆದುಕೊಂಡಳು. ಹಿತ್ತಲಿಗೆ ಹೋಗಲಿಲ್ಲ. ನೇರ ಅಡುಗೆಮನೆಗೆ ನಡೆದು ತಟ್ಟೆ ಎಳೆದುಕೊಂಡು ಕೂತಳು. "ಮುದ್ದೆ ಇಕ್ಕು" ಎಂದಳು. ಅಮ್ಮ ಮುದ್ದೆ ಇಕ್ಕಿ ಸಾರು ಬಿಟ್ಟಳು.

"ಗಂಡು ಬೇಕು ಗಂಡು ಬೇಕು ಅಂತಿದ್ನಲ್ಲ ನಾನು," ಅಜ್ಜಿ ತಟ್ಟೆ ನೋಡುತ್ತಲೇ ಹೇಳಿದಳು. "ಹುಟ್ಟಿ ಏನ್ ಉಳ್ತಿದ್ದ ಅವ್ನು? ಹೊಲಾನೇ ಉಳೀಲಿಲ್ಲ. ನೀನು ಉಳ್ಕೊಂಡಿದೀಯ. ಸಾಕು ಬಿಡು."

ಉಂಡಾದ ಮೇಲೂ ಅವಳು ಏಳಲಿಲ್ಲ. ಅಮ್ಮನನ್ನು ಎದುರಿಗೆ ಕೂರಿಸಿ, ತಾನೇ ಬಡಿಸಿ, ಉಣ್ಣುವವರೆಗೂ ಅಲ್ಲೇ ಇದ್ದಳು. ಅತ್ತೆ ಬಡಿಸಿ ಸೊಸೆ ಉಂಡದ್ದನ್ನು ನಮ್ಮ ಮನೆಯಲ್ಲಿ ನಾನು ಕಂಡದ್ದು ಅದೇ ಮೊದಲು.

ಅಜ್ಜಿ ಹೋಗಿ ಬಹಳ ಕಾಲವಾಯಿತು, ಅಮ್ಮನೂ ಹೋದಳು. ನಮ್ಮ ಮನೆಯಿದ್ದ ಜಾಗದಲ್ಲಿ ಈಗ ಒಂದರ ಮೇಲೊಂದು ನಾಲ್ಕು ಅಡುಗೆಮನೆಗಳಿವೆ. ಕೆಳಗಿನ ರಸ್ತೆಯಲ್ಲಿ ನಿಂತರೆ ಪಾತ್ರೆಗಳ ಸದ್ದು, ಒಗ್ಗರಣೆಯ ಘಾಟು, ನನಗೆ ತಿಳಿಯದ ಭಾಷೆಗಳಲ್ಲಿ ಊಟಕ್ಕೆ ಕರೆಯುವ ದನಿಗಳು ಇಳಿದುಬರುತ್ತವೆ. ಯಾರೂ ನನ್ನ ಗುರುತಿನವರಲ್ಲ. ಅವರೆಲ್ಲ ಉಂಡು ಮುಗಿಸಲಿ ಎನ್ನುವಂತೆ ಸ್ವಲ್ಪ ಹೊತ್ತು ನಿಂತಿದ್ದು, ಬಸ್ಸಿಗೆ ನಡೆಯುತ್ತೇನೆ.